ಔಷಧದ ಅಳತೆ ಮತ್ತು ವೇಗ: ಇನ್ಫ್ಯೂಷನ್ ಪಂಪ್ ಕೆಲಸ ಮಾಡುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ

ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ, ತುರ್ತು ಚಿಕಿತ್ಸಾ ಘಟಕದಲ್ಲಿ ಹಾಗೂ ಸುಸಜ್ಜಿತ ಆಂಬುಲೆನ್ಸ್‌ಗಳಲ್ಲಿ ಸಲೈನ್ ಸ್ಟ್ಯಾಂಡಿಗೆ ಬಿಗಿದ ಚಿಕ್ಕ ಪೆಟ್ಟಿಗೆಯಂತಹ ಯಂತ್ರವೊಂದು ಕಾಣಸಿಗುತ್ತದೆ. ಇದೇ ಇನ್ಫ್ಯೂಷನ್ ಪಂಪ್. ಔಷಧವನ್ನು ನಿಗದಿತ ವೇಗದಲ್ಲಿ ರೋಗಿಯ ರಕ್ತನಾಳಕ್ಕೆ ಸೇರಿಸುವುದು ಇದರ ಕೆಲಸ. ದಾನಿಗಳ ನೆರವು ಅಥವಾ ವಿವಿಧ ಅನುದಾನಗಳಿಂದ ಇಂತಹ ಉಪಕರಣಗಳನ್ನು ಕೊಡಿಸುವ ಪ್ರಸ್ತಾವಗಳು ಪಂಚಾಯಿತಿ ಸಭೆಗಳಿಗೂ ಆರೋಗ್ಯ ರಕ್ಷಾ ಸಮಿತಿಗಳಿಗೂ ಬರುತ್ತವೆ. ಯಂತ್ರದ ಗುಣವನ್ನು ಅರಿತು ತೆಗೆದುಕೊಂಡ ತೀರ್ಮಾನ ಜೀವ ಉಳಿಸುತ್ತದೆ; ಅರಿಯದೆ ಕೊಂಡ ಯಂತ್ರ ಬೀರುವಿನಲ್ಲಿ ಉಳಿಯುತ್ತದೆ. ಈ ಪಂಪು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ತಪ್ಪುತ್ತದೆ ಮತ್ತು ಜನಪ್ರತಿನಿಧಿಗಳು ಏನನ್ನು ವಿಚಾರಿಸಬೇಕು ಎಂಬುದನ್ನು ಈ ಪಾಠ ವಿವರಿಸುತ್ತದೆ. ಚಿಕಿತ್ಸೆಯ ಪ್ರಮಾಣವನ್ನು ನಿರ್ಧರಿಸುವವರು ವೈದ್ಯರು ಮಾತ್ರ. ಇಲ್ಲಿನ ಲೆಕ್ಕಗಳು ಯಂತ್ರದ ಮಹತ್ವವನ್ನು ತಿಳಿಯುವುದಕ್ಕಾಗಿ ಇವೆ.

1. ವೇಗವೂ ಅಳತೆಯೇ

ಮಾತ್ರೆಯನ್ನು ನುಂಗಿದಾಗ ಅದು ಹೊಟ್ಟೆಯಲ್ಲಿ ಕರಗಿ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ರಕ್ತನಾಳಕ್ಕೆ ನೇರವಾಗಿ ಹೋದ ಔಷಧಕ್ಕೆ ಅಂತಹ ತಡೆಯಿಲ್ಲ. ಆದ್ದರಿಂದ ಎಷ್ಟು ಔಷಧ ಎಂಬ ಪ್ರಶ್ನೆಯ ಜೊತೆಗೆ ಎಷ್ಟು ಹೊತ್ತಿನಲ್ಲಿ ಎಂಬ ಪ್ರಶ್ನೆಯೂ ಸಮನಾಗಿ ಮುಖ್ಯವಾಗುತ್ತದೆ.

ರಕ್ತನಾಳದ ಮೂಲಕ ಲವಣದ ದ್ರಾವಣ ಕೊಡುವ ಚಿಕಿತ್ಸೆಗೆ ದೀರ್ಘ ಇತಿಹಾಸವಿದೆ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದಲ್ಲಿ ವೈದ್ಯ ಥಾಮಸ್ ಲಟ್ಟಾ ಕಾಲರಾ ರೋಗಿಗಳಿಗೆ ಈ ರೀತಿ ಚಿಕಿತ್ಸೆ ನೀಡಿದರು. ನೀರಿನಂಶ ಕಳೆದುಕೊಂಡು ಸಾವಿನ ಅಂಚಿನಲ್ಲಿದ್ದ ಕೆಲವರು ಚೇತರಿಸಿಕೊಂಡರು. ಅಂದಿನಿಂದ ಇಂದಿನವರೆಗೆ ವೈದ್ಯಲೋಕದ ಮುಂದಿರುವ ಸವಾಲು ಒಂದೇ: ದ್ರವವನ್ನು ಬೇಕಾದಷ್ಟು, ಬೇಕಾದ ವೇಗದಲ್ಲಿ, ಏರಿಳಿತವಿಲ್ಲದೆ ಕೊಡುವುದು ಹೇಗೆ?

ಮಳೆಗಾಲದಲ್ಲಿ ಜಿಲ್ಲೆ ಜಿಲ್ಲೆಗಳನ್ನು ಕಾಡುವ ಡೆಂಗಿ ಜ್ವರದ ಉದಾಹರಣೆಯನ್ನು ನೋಡಬಹುದು. ತೀವ್ರ ಡೆಂಗಿಯಲ್ಲಿ ರಕ್ತನಾಳಗಳಿಂದ ದ್ರವ ಹೊರಗೆ ಸೋರುತ್ತದೆ. ದ್ರವ ಕಡಿಮೆ ಕೊಟ್ಟರೆ ರಕ್ತದೊತ್ತಡ ಕುಸಿಯುತ್ತದೆ. ಹೆಚ್ಚು ಕೊಟ್ಟರೆ ಅದೇ ದ್ರವ ಎದೆಯಲ್ಲಿ ತುಂಬಿ ಉಸಿರಾಟಕ್ಕೆ ತೊಡಕಾಗುತ್ತದೆ. ಎಚ್ಚರಿಕೆಯ ಲಕ್ಷಣಗಳಿರುವ ರೋಗಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ಗಂಟೆಗೆ 5ರಿಂದ 7 ಮಿಲಿಲೀಟರ್‌ನಂತೆ ಆರಂಭಿಸಿ, ಮುಂದಿನ ಗಂಟೆಗಳಲ್ಲಿ 3ರಿಂದ 5ಕ್ಕೆ, ಬಳಿಕ 2ರಿಂದ 3ಕ್ಕೆ ಇಳಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ತಿಳಿಸುತ್ತದೆ. ಅಂದರೆ 20 ಕಿಲೋ ತೂಕದ ಮಗುವಿಗೆ ಮೊದಲು ಗಂಟೆಗೆ 120 ಮಿಲಿಲೀಟರ್ ಬೇಕಾದರೆ, ಕೆಲವೇ ಗಂಟೆಗಳ ನಂತರ 60 ಮಿಲಿಲೀಟರ್ ಸಾಕಾಗಬಹುದು. ವೇಗವನ್ನು ಸಕಾಲದಲ್ಲಿ ಇಳಿಸದಿರುವುದೂ ಅಪಾಯಕಾರಿಯೇ.

2. ಹನಿಯ ಲೆಕ್ಕ ಮತ್ತು ಅದರ ಮಿತಿ

ಸಾಮಾನ್ಯ ಸಲೈನ್ ಸೆಟ್ಟಿನಲ್ಲಿ 20 ಹನಿ ಸೇರಿದರೆ ಸುಮಾರು 1 ಮಿಲಿಲೀಟರ್ ಆಗುತ್ತದೆ. ಮಕ್ಕಳಿಗೆ ಬಳಸುವ ಸೂಕ್ಷ್ಮ ಹನಿಯ ಸೆಟ್ಟಿನಲ್ಲಿ 60 ಹನಿಗೆ 1 ಮಿಲಿಲೀಟರ್. ಗಂಟೆಗೆ 120 ಮಿಲಿಲೀಟರ್ ಎಂದರೆ ನಿಮಿಷಕ್ಕೆ 2 ಮಿಲಿಲೀಟರ್. ಸಾಮಾನ್ಯ ಸೆಟ್ಟಿನಲ್ಲಿ ನಿಮಿಷಕ್ಕೆ 40 ಹನಿ. ಶುಶ್ರೂಷಕಿಯರು ಗಡಿಯಾರವನ್ನು ನೋಡುತ್ತಾ ಹನಿ ಎಣಿಸಿ, ಕೊಳವೆಯ ಮೇಲಿನ ರೋಲರ್ ಕ್ಲಾಂಪನ್ನು ತಿರುಗಿಸಿ ಈ ವೇಗವನ್ನು ಹೊಂದಿಸುತ್ತಾರೆ.

ಆದರೆ ಹೊಂದಿಸಿದ ವೇಗ ಹಾಗೆಯೇ ನಿಲ್ಲುವುದಿಲ್ಲ. ರೋಗಿ ಕೈ ಮಡಚಿದರೆ, ಮಂಚದಲ್ಲಿ ಎದ್ದು ಕುಳಿತರೆ, ಬಾಟಲಿಯಲ್ಲಿ ದ್ರವದ ಮಟ್ಟ ಇಳಿದರೆ, ಕ್ಲಾಂಪಿನ ಕೆಳಗೆ ಪ್ಲಾಸ್ಟಿಕ್ ಕೊಳವೆ ನಿಧಾನವಾಗಿ ಆಕಾರ ಬದಲಿಸಿದರೆ ಹನಿಯ ವೇಗವೂ ಬದಲಾಗುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಶುಶ್ರೂಷಕಿ ಹತ್ತಾರು ರೋಗಿಗಳನ್ನು ನೋಡಿಕೊಳ್ಳುವಾಗ ಪ್ರತಿಯೊಬ್ಬರ ಹನಿಯನ್ನೂ ಪದೇ ಪದೇ ಎಣಿಸುವುದು ಸಾಧ್ಯವಾಗದ ಮಾತು.

ಹೆರಿಗೆ ನೋವನ್ನು ಹೆಚ್ಚಿಸಲು ಕೊಡುವ ಆಕ್ಸಿಟೋಸಿನ್ ಔಷಧದಲ್ಲಿ ಈ ಮಿತಿ ಇನ್ನಷ್ಟು ಸ್ಪಷ್ಟವಾಗುತ್ತದೆ. 500 ಮಿಲಿಲೀಟರ್ ದ್ರಾವಣದಲ್ಲಿ 5 ಯೂನಿಟ್ ಔಷಧ ಬೆರೆಸಿದರೆ ಪ್ರತಿ ಮಿಲಿಲೀಟರ್‌ನಲ್ಲಿ 10 ಮಿಲಿಯೂನಿಟ್ ಇರುತ್ತದೆ. ನಿಮಿಷಕ್ಕೆ 2 ಮಿಲಿಯೂನಿಟ್ ಬೇಕಾದರೆ ನಿಮಿಷಕ್ಕೆ 0.2 ಮಿಲಿಲೀಟರ್, ಅಂದರೆ ಕೇವಲ 4 ಹನಿ ಬೀಳಬೇಕು. ಪ್ರತಿ 15 ಸೆಕೆಂಡಿಗೆ ಒಂದು ಹನಿ. 4 ಹನಿ ಬೀಳಬೇಕಾದಲ್ಲಿ 8 ಹನಿ ಬಿದ್ದರೆ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣದು. ತಾಯಿಗೆ ಸೇರುವ ಔಷಧ ಮಾತ್ರ ಇಮ್ಮಡಿಯಾಗುತ್ತದೆ. ಈ ಔಷಧ ಅತಿಯಾದರೆ ಗರ್ಭಕೋಶ ಬಿಡುವಿಲ್ಲದೆ ಸಂಕುಚಿಸಿ ಮಗುವಿಗೆ ಆಮ್ಲಜನಕದ ಕೊರತೆಯಾಗಬಹುದು; ಗರ್ಭಕೋಶವೇ ಹರಿಯುವ ಸಂಭವವೂ ಉಂಟು. ಪಂಪಿನ ಅಗತ್ಯ ಹುಟ್ಟುವುದು ಇಂತಹ ಔಷಧಗಳಲ್ಲಿ.

3. ಹಾಲು ಕರೆಯುವ ಕೈಯ ತತ್ವ

ಹಸುವಿನ ಹಾಲು ಕರೆಯುವ ಕ್ರಮವನ್ನು ಗಮನಿಸಿದವರಿಗೆ ಈ ಪಂಪಿನ ತತ್ವ ಹೊಸದಲ್ಲ. ಕರೆಯುವವರು ಮೊದಲು ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಮೊಲೆತೊಟ್ಟಿನ ಬುಡವನ್ನು ಮುಚ್ಚುತ್ತಾರೆ. ಹೀಗೆ ಮುಚ್ಚದಿದ್ದರೆ ಹಿಂಡಿದ ಹಾಲು ಹಿಂದಕ್ಕೆ ಕೆಚ್ಚಲಿಗೇ ಸರಿಯುತ್ತದೆ. ಅನಂತರ ನಡುಬೆರಳು, ಉಂಗುರಬೆರಳು, ಕಿರುಬೆರಳು ಒಂದಾದ ಮೇಲೊಂದು ಒತ್ತಿದಾಗ ಹಾಲು ಕೆಳಕ್ಕೆ ಮಾತ್ರ ಚಿಮ್ಮುತ್ತದೆ. ಕೈ ಸಡಿಲಿಸಿದೊಡನೆ ತೊಟ್ಟು ಮತ್ತೆ ತುಂಬಿಕೊಳ್ಳುತ್ತದೆ.

ಮಾನವ ದೇಹದ ಅನ್ನನಾಳ ಮತ್ತು ಕರುಳುಗಳೂ ಇದೇ ರೀತಿ ಸ್ನಾಯುಗಳ ಅಲೆಯಂತಹ ಸಂಕೋಚನದಿಂದ ಆಹಾರವನ್ನು ಮುಂದಕ್ಕೆ ತಳ್ಳುತ್ತವೆ. ಈ ಚಲನೆಗೆ ಪೆರಿಸ್ಟಾಲ್ಸಿಸ್ ಎಂದು ಹೆಸರು. ಇದನ್ನು ಅನುಸರಿಸಿದ ಯಂತ್ರ ಪೆರಿಸ್ಟಾಲ್ಟಿಕ್ ಪಂಪ್ ಎನಿಸಿಕೊಂಡಿದೆ.

ಇದರ ದೊಡ್ಡ ಗುಣವೆಂದರೆ ಯಂತ್ರದ ಯಾವ ಭಾಗವೂ ಔಷಧವನ್ನು ಮುಟ್ಟುವುದಿಲ್ಲ. ಔಷಧ ಕೊಳವೆಯ ಒಳಗಿರುತ್ತದೆ. ಯಂತ್ರ ಹೊರಗಿನಿಂದ ಒತ್ತುತ್ತದೆ. ಒಬ್ಬ ರೋಗಿಯ ಚಿಕಿತ್ಸೆ ಮುಗಿದ ಮೇಲೆ ಕೊಳವೆಯನ್ನು ವಿಲೇವಾರಿ ಮಾಡಿ ಹೊಸ ಕೊಳವೆ ಹಾಕಿದರೆ ಅದೇ ಪಂಪನ್ನು ಮತ್ತೊಬ್ಬರಿಗೆ ಬಳಸಬಹುದು. ರಕ್ತವನ್ನು ಸಾಗಿಸಲೂ ಈ ತತ್ವ ಒದಗುತ್ತದೆ. ಅಮೆರಿಕದ ವೈದ್ಯ ಮೈಕೇಲ್ ಡಿಬೇಕಿ 1930ರ ದಶಕದಲ್ಲಿ ರಕ್ತ ಪೂರಣಕ್ಕಾಗಿ ಉರುಳೆಗಳ ಪಂಪನ್ನು ಬಳಕೆಗೆ ತಂದರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ತೆರೆದ ಹೃದಯದ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ನಡೆಸಿದಾಗ ರಕ್ತವನ್ನು ಸಾಗಿಸಿದ್ದು ಇಂತಹ ಉರುಳೆ ಪಂಪುಗಳೇ. ಇಂದು ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಯಂತ್ರದ ಮುಂಭಾಗದಲ್ಲಿ ರಕ್ತದ ಕೊಳವೆಯನ್ನು ಒತ್ತುತ್ತಾ ಸುತ್ತುವ ಚಕ್ರವೂ ಇದೇ ಜಾತಿಯದು.

4. ಪಂಪಿನ ಒಳಭಾಗ

ಈ ಪಂಪುಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಅರ್ಧಚಂದ್ರಾಕಾರವಾಗಿ ಬಾಗಿದ ಕೊಳವೆಯ ಮೇಲೆ ಉರುಳೆಗಳು ಸುತ್ತುತ್ತವೆ. ಎರಡನೆಯದು ಔಷಧ ನೀಡಿಕೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ನೇರ ಬಗೆ. ಇದರ ಬಾಗಿಲು ತೆರೆದರೆ ಸಾಲಾಗಿ ಜೋಡಿಸಿದ ಹಲವು ಚಿಕ್ಕ ಲೋಹದ ಅಥವಾ ಪ್ಲಾಸ್ಟಿಕ್ ಬೆರಳುಗಳು ಕಾಣುತ್ತವೆ. ಕೊಳವೆಯನ್ನು ಇವುಗಳ ಮುಂದೆ ನೇರವಾಗಿ ಕೂರಿಸಿ ಬಾಗಿಲು ಮುಚ್ಚಲಾಗುತ್ತದೆ. ಮೋಟಾರು ತಿರುಗಿದಂತೆ ಬೆರಳುಗಳು ಮೇಲಿನಿಂದ ಕೆಳಕ್ಕೆ ಒಂದರ ಹಿಂದೊಂದು ಕೊಳವೆಯನ್ನು ಒತ್ತುತ್ತವೆ. ಯಾವುದೇ ಕ್ಷಣದಲ್ಲಿ ಕನಿಷ್ಠ ಒಂದು ಬೆರಳು ಕೊಳವೆಯನ್ನು ಪೂರ್ತಿ ಮುಚ್ಚಿರುತ್ತದೆ. ಆದ್ದರಿಂದ ದ್ರವ ತಾನಾಗಿ ಹರಿದು ಹೋಗದು, ಹಿಂದಕ್ಕೂ ಬಾರದು.

ಪ್ರತಿ ಅಲೆಯಲ್ಲಿ ಒಂದು ನಿಶ್ಚಿತ ಗಾತ್ರದ ದ್ರವ ಮುಂದೆ ಸಾಗುತ್ತದೆ. ಅದು 0.1 ಮಿಲಿಲೀಟರ್ ಎಂದು ಭಾವಿಸಿದರೆ, ಗಂಟೆಗೆ 100 ಮಿಲಿಲೀಟರ್ ಕೊಡಲು 1,000 ಅಲೆಗಳು, ಅಂದರೆ ಪ್ರತಿ 3.6 ಸೆಕೆಂಡಿಗೆ ಒಂದು ಅಲೆ ಬೇಕಾಗುತ್ತದೆ. ಗಂಟೆಗೆ 12 ಮಿಲಿಲೀಟರ್ ಸಾಕೆಂದರೆ 30 ಸೆಕೆಂಡಿಗೆ ಒಂದು ಅಲೆ. ಈ ನಿಖರತೆಗಾಗಿ ಸ್ಟೆಪ್ಪರ್ ಮೋಟಾರನ್ನು ಬಳಸಲಾಗುತ್ತದೆ. ಇದು ಗಡಿಯಾರದ ಸೆಕೆಂಡಿನ ಮುಳ್ಳಿನಂತೆ ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಒಂದು ಸುತ್ತಿಗೆ 200 ಹೆಜ್ಜೆಗಳಿರುವ ಮೋಟಾರುಗಳು ಸಾಮಾನ್ಯ. ಶುಶ್ರೂಷಕಿ ಗುಂಡಿಗಳ ಮೂಲಕ ವೇಗ ಮತ್ತು ಒಟ್ಟು ಪ್ರಮಾಣವನ್ನು ನಮೂದಿಸಿದಾಗ ಒಳಗಿನ ಸೂಕ್ಷ್ಮ ಗಣಕ ಹೆಜ್ಜೆಗಳ ಲೆಕ್ಕ ಹಾಕುತ್ತದೆ. ಒಟ್ಟು ಪ್ರಮಾಣ ಮುಗಿದ ಮೇಲೂ ಸೂಜಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಅತಿ ನಿಧಾನದ ಹರಿವನ್ನು ಮುಂದುವರಿಸಿ ಯಂತ್ರ ಸದ್ದು ಮಾಡುತ್ತದೆ. ಇಂತಹ ಪಂಪುಗಳ ನಿಖರತೆ ಸಾಮಾನ್ಯವಾಗಿ ಶೇಕಡಾ 5ರಷ್ಟು ಹೆಚ್ಚು ಕಡಿಮೆಯ ಒಳಗಿರುತ್ತದೆ.

ಗಂಟೆಗೆ ಒಂದೆರಡು ಮಿಲಿಲೀಟರ್‌ನಷ್ಟೇ ಬೇಕಾಗುವ ತೀವ್ರ ಔಷಧಗಳಿಗೆ ಮತ್ತು ನವಜಾತ ಶಿಶುಗಳಿಗೆ ಸಿರಿಂಜನ್ನು ಮೆಲ್ಲಗೆ ಒತ್ತುವ ಬೇರೆ ಬಗೆಯ ಪಂಪನ್ನು ಬಳಸುವುದು ರೂಢಿ. ಎರಡೂ ಒಂದೇ ಎಂದು ತಿಳಿದು ಬೇಡಿಕೆ ಪಟ್ಟಿ ಸಿದ್ಧಪಡಿಸಬಾರದು.

5. ಕೊಳವೆಯೇ ಅಳತೆಯ ಪಾವು

ಈ ಯಂತ್ರದಲ್ಲಿ ಅಳತೆಯ ಪಾತ್ರೆ ಎಂದರೆ ಕೊಳವೆಯೇ. ಬೆರಳು ಬಿಟ್ಟಾಗ ಕೊಳವೆ ಮತ್ತೆ ದುಂಡಗಾಗಿ ಎಷ್ಟು ತುಂಬಿಕೊಳ್ಳುತ್ತದೆಯೋ ಅಷ್ಟೇ ಔಷಧ ಮುಂದಿನ ಅಲೆಯಲ್ಲಿ ಸಾಗುತ್ತದೆ. ಕೊಳವೆಯ ಒಳವ್ಯಾಸ ಶೇಕಡಾ 5ರಷ್ಟು ದೊಡ್ಡದಾದರೆ ಒಳಗೆ ಹಿಡಿಯುವ ದ್ರವ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ. ಆದ ಕಾರಣ ಪಂಪಿಗೆ ತಯಾರಕರು ಸೂಚಿಸಿದ ಸೆಟ್ಟನ್ನೇ ಬಳಸಬೇಕು. ಬೇರೆ ಸೆಟ್ಟನ್ನು ಬಳಸಲು ಅವಕಾಶವಿರುವ ಪಂಪುಗಳಲ್ಲಿಯೂ ಆ ಸೆಟ್ಟಿಗೆ ತಕ್ಕಂತೆ ಅಳತೆಯನ್ನು ಮರುಹೊಂದಿಸಬೇಕು. ಕೈಗೆ ಸಿಕ್ಕ ಅಗ್ಗದ ಸೆಟ್ಟನ್ನು ಹಾಕಿದಾಗಲೂ ಪರದೆಯ ಮೇಲಿನ ಅಂಕಿ ಸರಿಯಾಗಿಯೇ ಕಾಣುತ್ತದೆ. ರೋಗಿಗೆ ಹೋಗುವ ಔಷಧ ಮಾತ್ರ ಬೇರೆಯಾಗಿರುತ್ತದೆ.

ಒಂದೇ ಜಾಗವನ್ನು ಸಾವಿರಾರು ಬಾರಿ ಒತ್ತಿದಾಗ ಪ್ಲಾಸ್ಟಿಕ್ ಸೋಲುತ್ತದೆ. ಅದು ಪೂರ್ತಿ ದುಂಡಗಾಗದೆ ಚಪ್ಪಟೆಯಾಗಿ ಉಳಿದಾಗ ಹರಿವು ಕಡಿಮೆಯಾಗುತ್ತದೆ. ತಯಾರಕರು ಸೂಚಿಸಿದ ಅವಧಿಗೆ ಕೊಳವೆಯನ್ನು ಬದಲಿಸುವುದು ಇಲ್ಲವೇ ಒತ್ತುವ ಜಾಗವನ್ನು ಸರಿಸುವುದು ಈ ಕಾರಣಕ್ಕಾಗಿ.

6. ಯಂತ್ರ ಕೂಗುವುದೇಕೆ?

ಪಂಪಿನ ಎಚ್ಚರಿಕೆ ಸದ್ದನ್ನು ರೋಗಿಯ ಕಡೆಯವರು ಕಿರಿಕಿರಿ ಎಂದು ಭಾವಿಸಿ ಗುಂಡಿ ಒತ್ತಿ ನಿಲ್ಲಿಸುವುದುಂಟು. ಇದು ಸಲ್ಲದು. ಪ್ರತಿ ಸದ್ದಿಗೂ ಅರ್ಥವಿದೆ.

ಕೊಳವೆಯಲ್ಲಿ ಗಾಳಿ: ಕೊಳವೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಶ್ರವಣಾತೀತ ತರಂಗವನ್ನು ಹಾಯಿಸಲಾಗುತ್ತದೆ. ದ್ರವದಲ್ಲಿ ಅದು ಸುಲಭವಾಗಿ ಸಾಗುತ್ತದೆ. ಗಾಳಿಯ ಗುಳ್ಳೆ ಬಂದಾಗ ತಡೆಯಾಗುತ್ತದೆ. ಕೂಡಲೇ ಪಂಪು ನಿಲ್ಲುತ್ತದೆ.

ಹರಿವಿಗೆ ಅಡ್ಡಿ: ಕೊಳವೆ ಮಡಚಿಕೊಂಡರೆ ಅಥವಾ ಸೂಜಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರುತ್ತದೆ, ಅದನ್ನು ಅಳೆದು ಪಂಪು ಎಚ್ಚರಿಸುತ್ತದೆ. ಆದರೆ ನಿಧಾನದ ಹರಿವಿನಲ್ಲಿ ಈ ಎಚ್ಚರಿಕೆ ತಡವಾಗಿ ಬರುತ್ತದೆ. ಒತ್ತಡ ಮಿತಿ ತಲುಪಲು 0.5 ಮಿಲಿಲೀಟರ್ ದ್ರವ ಕೊಳವೆಯಲ್ಲಿ ಒತ್ತರಿಸಬೇಕೆಂದು ಭಾವಿಸಿದರೆ, ಗಂಟೆಗೆ 100 ಮಿಲಿಲೀಟರ್ ವೇಗದಲ್ಲಿ 18 ಸೆಕೆಂಡಿಗೆ ಸದ್ದಾಗುತ್ತದೆ. ಗಂಟೆಗೆ 1 ಮಿಲಿಲೀಟರ್ ವೇಗದಲ್ಲಿ ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ರೋಗಿಗೆ ಔಷಧ ಸಿಕ್ಕಿರುವುದಿಲ್ಲ. ಅಡ್ಡಿಯನ್ನು ಒಮ್ಮೆಲೇ ಬಿಡಿಸಿದರೆ ಒತ್ತರಿಸಿದ ಔಷಧ ಒಟ್ಟಿಗೆ ನುಗ್ಗುವ ಅಪಾಯವೂ ಇದೆ. ಆದ್ದರಿಂದ ಅದನ್ನು ಸರಿಪಡಿಸುವುದು ತರಬೇತಿ ಪಡೆದವರ ಕೆಲಸ.

ಬ್ಯಾಟರಿ ಕಡಿಮೆ: ಕರೆಂಟು ಹೋದಾಗ ಪಂಪು ಒಳಗಿನ ಬ್ಯಾಟರಿಯಿಂದ ನಡೆಯುತ್ತದೆ. ಬಳಕೆ ಇಲ್ಲದಾಗಲೂ ಚಾರ್ಜಿಗೆ ಹಾಕಿಡದಿದ್ದರೆ ಬೇಕಾದ ಹೊತ್ತಿಗೆ ಅದು ಕೈಕೊಡುತ್ತದೆ.

7. ಪಂಪಿಗೆ ತಿಳಿಯದ ಸಂಗತಿಗಳು

ಚೀಲದಲ್ಲಿರುವುದು ಯಾವ ಔಷಧ, ಎದುರಿಗಿರುವ ರೋಗಿ ಯಾರು ಎಂಬುದು ಸಾಮಾನ್ಯ ಪಂಪಿಗೆ ತಿಳಿಯದು. ಸೂಜಿ ರಕ್ತನಾಳದಿಂದ ಜಾರಿ ಔಷಧ ಚರ್ಮದಡಿಯಲ್ಲಿ ಸೇರುತ್ತಿದ್ದರೂ ಒತ್ತಡ ಹೆಚ್ಚು ಏರದಿರುವುದರಿಂದ ಯಂತ್ರ ಸುಮ್ಮನಿರಬಹುದು. ಕೈ ಊದಿರುವುದನ್ನು ಮನುಷ್ಯರ ಕಣ್ಣೇ ನೋಡಬೇಕು. 12.0 ಎಂದು ಒತ್ತಬೇಕಾದಲ್ಲಿ ಚುಕ್ಕಿ ತಪ್ಪಿ 120 ಎಂದಾದರೆ ಯಂತ್ರ ಹತ್ತುಪಟ್ಟು ಔಷಧವನ್ನು ಅಷ್ಟೇ ನಿಷ್ಠೆಯಿಂದ ಕೊಡುತ್ತದೆ. ಕ್ಲಾಂಪನ್ನು ಮುಚ್ಚದೆ ಕೊಳವೆಯನ್ನು ಪಂಪಿನಿಂದ ಹೊರತೆಗೆದರೆ ಬೆರಳುಗಳ ತಡೆ ಇಲ್ಲವಾಗಿ ಚೀಲದ ಔಷಧವೆಲ್ಲ ಒಮ್ಮೆಲೇ ಹರಿಯಬಹುದು. ಇದನ್ನು ತಡೆಯುವ ಸ್ವಯಂಚಾಲಿತ ಕ್ಲಾಂಪ್ ಇರುವ ಪಂಪನ್ನೇ ಆರಿಸಬೇಕು.

ಇವು ಕಲ್ಪಿತ ಭಯಗಳಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಗೆ 2005ರಿಂದ 2009ರ ಅವಧಿಯಲ್ಲಿ ಇನ್ಫ್ಯೂಷನ್ ಪಂಪುಗಳಿಗೆ ಸಂಬಂಧಿಸಿದ ಸುಮಾರು 56,000 ಅನಪೇಕ್ಷಿತ ಘಟನೆಗಳ ವರದಿಗಳು ಬಂದವು. ಅದೇ ಅವಧಿಯಲ್ಲಿ 87 ಬಾರಿ ತಯಾರಕರು ಪಂಪುಗಳನ್ನು ಹಿಂಪಡೆದರು. ತಂತ್ರಾಂಶದ ದೋಷ, ಗೊಂದಲ ಹುಟ್ಟಿಸುವ ಗುಂಡಿಗಳು, ಬ್ಯಾಟರಿ ಮತ್ತು ಬಿಡಿಭಾಗಗಳ ವೈಫಲ್ಯ ಇವುಗಳ ಹಿಂದಿದ್ದವು. 2010ರಲ್ಲಿ ಆ ಸಂಸ್ಥೆ ಪಂಪುಗಳ ಸುರಕ್ಷತೆಗಾಗಿ ವಿಶೇಷ ಕಾರ್ಯಕ್ರಮವನ್ನೇ ಆರಂಭಿಸಿತು. ಯಂತ್ರ ಬಂದೊಡನೆ ಶುಶ್ರೂಷಕಿಯ ಅಗತ್ಯ ಕಡಿಮೆಯಾಗುತ್ತದೆ ಎಂಬ ಭಾವನೆ ತಪ್ಪು. ಹನಿ ಎಣಿಸುವ ಹೊರೆ ಇಳಿಯುತ್ತದೆ. ನಿಗಾ ವಹಿಸುವ ಹೊಣೆ ಇಳಿಯುವುದಿಲ್ಲ.

8. ಅದೇ ಲೆಕ್ಕ ಊರಿನ ನೀರಿನ ಟ್ಯಾಂಕಿನಲ್ಲಿ

ಈ ತತ್ವ ಪಂಚಾಯಿತಿಯ ನೇರ ಹೊಣೆಯಾದ ಕುಡಿಯುವ ನೀರಿನಲ್ಲೂ ಇದೆ. ಕ್ಲೋರಿನ್ ದ್ರಾವಣವನ್ನು ನೀರಿನ ಕೊಳವೆಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸುವ ಡೋಸಿಂಗ್ ಪಂಪುಗಳಲ್ಲಿ ಪೆರಿಸ್ಟಾಲ್ಟಿಕ್ ಬಗೆಯೂ ಒಂದು. ಕ್ಲೋರಿನ್ ದ್ರಾವಣ ಲೋಹವನ್ನು ತಿನ್ನುತ್ತದೆ; ಇಲ್ಲಿ ದ್ರಾವಣ ಕೊಳವೆಯನ್ನಷ್ಟೇ ಮುಟ್ಟುವುದರಿಂದ ಯಂತ್ರ ಉಳಿಯುತ್ತದೆ. ಕೊಳವೆಯನ್ನು ಕಾಲಕಾಲಕ್ಕೆ ಬದಲಿಸಬೇಕೆಂಬ ನಿಯಮ ಇಲ್ಲಿಯೂ ಅನ್ವಯ.

ಪಂಪು ಇರಲಿ, ಇಲ್ಲದಿರಲಿ, ಲೆಕ್ಕ ಒಂದೇ: ದ್ರಾವಣದ ಸಾಂದ್ರತೆಯನ್ನು ಪ್ರಮಾಣದಿಂದ ಗುಣಿಸಿದರೆ ಸೇರಿದ ಔಷಧ ಎಷ್ಟೆಂದು ತಿಳಿಯುತ್ತದೆ. 50,000 ಲೀಟರ್ ಟ್ಯಾಂಕಿನ ನೀರಿಗೆ ಪ್ರತಿ ಲೀಟರ್‌ಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕಾದರೆ ಒಟ್ಟು 100 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪುಡಿಯಲ್ಲಿ ಶೇಕಡಾ 25ರಷ್ಟು ಕ್ಲೋರಿನ್ ಇದ್ದರೆ 400 ಗ್ರಾಂ ಪುಡಿ ಸಾಕು. ತೇವ ತಾಗಿದ ಹಳೆಯ ಪುಡಿಯಲ್ಲಿ ಕ್ಲೋರಿನ್ ಅರ್ಧಕ್ಕೆ ಇಳಿದಿದ್ದರೆ ಅದೇ 400 ಗ್ರಾಂ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಭಾರತೀಯ ಮಾನಕ ಬ್ಯೂರೋದ ಐ.ಎಸ್. 10500 ಪ್ರಕಾರ ಕ್ಲೋರಿನ್ ಹಾಕಿದ ನೀರಿನಲ್ಲಿ, ಬಳಕೆದಾರರ ಹಂತದಲ್ಲಿ ಪ್ರತಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು. ಹೀಗಾಗಿ ನೀರುಗಂಟಿ ಪುಡಿ ಹಾಕಿದನೇ ಎಂಬ ಪ್ರಶ್ನೆ ಸಾಲದು. ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಆಸ್ಪತ್ರೆಯಲ್ಲಿ ಪರದೆಯ ಅಂಕಿಯನ್ನಲ್ಲದೆ ರೋಗಿಯನ್ನೂ ನೋಡಬೇಕೆಂಬ ಮಾತಿಗೆ ಇದು ಸಮಾನ.

9. ಸದಸ್ಯರು ವಿಚಾರಿಸಬೇಕಾದ ಅಂಶಗಳು

ಪಂಪು ಕೊಡಿಸುವ ಪ್ರಸ್ತಾವ ಬಂದಾಗ ಕೆಳಕಂಡ ಅಂಶಗಳನ್ನು ಸಂಬಂಧಿಸಿದ ವೈದ್ಯಾಧಿಕಾರಿಗಳೊಂದಿಗೆ ಚರ್ಚಿಸುವುದು ಸೂಕ್ತ.

ಅ) ಈ ಆಸ್ಪತ್ರೆಯಲ್ಲಿ ಪಂಪಿನ ಅಗತ್ಯವಿರುವ ಚಿಕಿತ್ಸೆ ನಡೆಯುತ್ತಿದೆಯೇ? ಹಗಲು ಹೊತ್ತಿನಲ್ಲಿ ಮಾತ್ರ ನಡೆಯುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಿಂತ ಹೆರಿಗೆ ಮತ್ತು ತುರ್ತು ಚಿಕಿತ್ಸೆ ನಡೆಯುವ ಆಸ್ಪತ್ರೆಗೆ ಅದು ಹೆಚ್ಚು ಉಪಯುಕ್ತವಾಗಬಹುದು.

ಆ) ಪಂಪಿಗೆ ಹೊಂದುವ ಸೆಟ್ಟಿನ ಬೆಲೆ ಎಷ್ಟು, ನಿರಂತರವಾಗಿ ಪೂರೈಸುವವರು ಯಾರು? ಪಂಪನ್ನು ಒಮ್ಮೆ ಕೊಳ್ಳಲಾಗುತ್ತದೆ. ಸೆಟ್ಟನ್ನು ಪ್ರತಿ ರೋಗಿಗೂ ಕೊಳ್ಳಬೇಕಾಗುತ್ತದೆ.

ಇ) ಎಲ್ಲ ಪಾಳಿಗಳ ಶುಶ್ರೂಷಕಿಯರಿಗೂ ತರಬೇತಿ ದೊರೆಯುವುದೇ? ಬೇರೆ ಬೇರೆ ಕಂಪನಿಗಳ ಪಂಪುಗಳನ್ನು ಒಂದೇ ವಾರ್ಡಿನಲ್ಲಿ ಇರಿಸಿದರೆ ಗುಂಡಿಗಳ ಗೊಂದಲ ಹೆಚ್ಚುತ್ತದೆ.

ಈ) ವಾರ್ಷಿಕ ನಿರ್ವಹಣೆ ಮತ್ತು ಅಳತೆಯ ಪರೀಕ್ಷೆ ಯಾರ ಹೊಣೆ? ಗಂಟೆಗೆ 100 ಮಿಲಿಲೀಟರ್ ವೇಗಕ್ಕೆ ಹೊಂದಿಸಿದ ಪಂಪು ಅರ್ಧ ಗಂಟೆಯಲ್ಲಿ ಅಳತೆಯ ಜಾಡಿಗೆ 47.5ರಿಂದ 52.5 ಮಿಲಿಲೀಟರ್ ಒಳಗೆ ದ್ರವ ಸುರಿಸಬೇಕು. ಈ ಪರೀಕ್ಷೆಯನ್ನು ವೈದ್ಯಕೀಯ ಉಪಕರಣಗಳ ತಂತ್ರಜ್ಞರು ನಡೆಸಿ ದಿನಾಂಕ ನಮೂದಿಸಬೇಕು. ದಾನವಾಗಿ ಬಂದ ಉಪಕರಣವನ್ನು ಆಸ್ಪತ್ರೆಯ ದಾಸ್ತಾನು ವಹಿಗೆ ಸೇರಿಸಿದರೆ ಮಾತ್ರ ಅದು ನಿರ್ವಹಣೆಯ ವ್ಯವಸ್ಥೆಯೊಳಗೆ ಬರುತ್ತದೆ.

ಉ) ಮಂಚದ ಪಕ್ಕದಲ್ಲಿ ಸರಿಯಾದ ಅರ್ಥಿಂಗ್ ಇರುವ ಸಾಕೆಟ್ ಇದೆಯೇ? ಜನರೇಟರ್‌ಗೆ ಡೀಸೆಲ್, ಯು.ಪಿ.ಎಸ್.ಗೆ ಸುಸ್ಥಿತಿಯ ಬ್ಯಾಟರಿ ಇದೆಯೇ?

10. ಸಾರಾಂಶ ಮತ್ತು ಚರ್ಚೆಗೆ ಪ್ರಶ್ನೆಗಳು

ಪೆರಿಸ್ಟಾಲ್ಟಿಕ್ ಪಂಪು ಕೊಳವೆಯನ್ನು ಹೊರಗಿನಿಂದ ಅಲೆಯಂತೆ ಒತ್ತಿ ನಿಗದಿತ ವೇಗದಲ್ಲಿ ಔಷಧ ನೀಡುತ್ತದೆ. ಅದರ ನಿಖರತೆ ಸರಿಯಾದ ಕೊಳವೆ, ಸರಿಯಾದ ನಮೂದು, ಚಾರ್ಜ್ ಆದ ಬ್ಯಾಟರಿ ಮತ್ತು ಎಚ್ಚರದ ಶುಶ್ರೂಷಕಿ ಈ ನಾಲ್ಕನ್ನೂ ಅವಲಂಬಿಸಿದೆ. ಇವುಗಳಲ್ಲಿ ಒಂದು ತಪ್ಪಿದರೂ ಉಳಿದ ಮೂರರಿಂದ ಅದನ್ನು ತುಂಬಲಾಗದು.

1) 10 ಕಿಲೋ ತೂಕದ ಮಗುವಿಗೆ ಪ್ರತಿ ಕಿಲೋಗೆ ಗಂಟೆಗೆ 6 ಮಿಲಿಲೀಟರ್ ದ್ರವ ಸೂಚಿಸಲಾಗಿದೆ. 20 ಹನಿಯ ಸೆಟ್ಟಿನಲ್ಲಿ ನಿಮಿಷಕ್ಕೆ ಎಷ್ಟು ಹನಿ? (ಉತ್ತರ: 20)

2) ನಿಮ್ಮ ಗ್ರಾಮದ ಟ್ಯಾಂಕಿನ ಸಾಮರ್ಥ್ಯಕ್ಕೆ ಬೇಕಾದ ಬ್ಲೀಚಿಂಗ್ ಪುಡಿಯ ಲೆಕ್ಕವನ್ನು ಹಾಕಿ ನೀರುಗಂಟಿಯ ದಾಖಲೆಯೊಂದಿಗೆ ಹೋಲಿಸಿರಿ.

3) ನಿಮ್ಮ ವ್ಯಾಪ್ತಿಯ ಆಸ್ಪತ್ರೆಯಲ್ಲಿ ಬಳಕೆಯಾಗದೆ ಉಳಿದ ಉಪಕರಣಗಳೆಷ್ಟು, ಪ್ರತಿಯೊಂದಕ್ಕೂ ಕಾರಣವೇನು? ಸೆಟ್ಟಿನ ಕೊರತೆಯೇ, ತರಬೇತಿಯ ಕೊರತೆಯೇ, ದುರಸ್ತಿಯೇ? ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಯಲ್ಲಿ ಈ ಪಟ್ಟಿಯನ್ನು ಮಂಡಿಸಿರಿ.